ಈಜುವವರ ಉಸಿರು

ಕಪಿಲೆ ಮತ್ತು ಕಾವೇರಿಯ ನಡುವಿನ ನಾಡು ನಮ್ಮದು. ವೈನಾಡಿನ ಬೆಟ್ಟಗಳಲ್ಲಿ ಹುಟ್ಟಿ ಬಂದ ಕಪಿಲೆಯು ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ದಾಟಿ, ಸುತ್ತೂರು ಶ್ರೀಕ್ಷೇತ್ರದ ಮಗ್ಗುಲಲ್ಲಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತಾಳೆ. ನಂಜನಗೂಡಿನ ಪಂಚ ಮಹಾರಥೋತ್ಸವವಿರಲಿ, ಕಾರ್ತಿಕ ಸೋಮವಾರಗಳಿರಲಿ, ಮುಡುಕುತೊರೆಯ ಮಲ್ಲಿಕಾರ್ಜುನನ ಜಾತ್ರೆಯಿರಲಿ, ಹೊಳೆಯ ಸ್ನಾನವಿಲ್ಲದೆ ನಮ್ಮ ಭಕ್ತರಿಗೆ ತೃಪ್ತಿಯಿಲ್ಲ. 1989ರಲ್ಲಿ ತಿರುಮಕೂಡಲಿನಲ್ಲಿ ಆರಂಭವಾದ ಕುಂಭಮೇಳವು 2025ರ ಫೆಬ್ರವರಿಯಲ್ಲಿಯೂ ಅಪಾರ ಜನಸ್ತೋಮವನ್ನು ಸಂಗಮದ ನೀರಿಗೆ ಇಳಿಸಿತು.

ಇಷ್ಟು ನೀರಿನ ನಡುವೆ ಬಾಳುವ ನಮ್ಮಲ್ಲಿ ಈಜು ಬಲ್ಲವರು ಎಷ್ಟು ಮಂದಿ? ಒಂದೊಂದು ಮನೆಯಲ್ಲಿ ಎಣಿಸಿ ನೋಡಿದರೆ ಸಂಕೋಚವಾಗುತ್ತದೆ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ನೀರಿನಲ್ಲಿ ಮುಳುಗಿ ಅಸುನೀಗಿದವರ ಸಂಖ್ಯೆ 38 ಸಾವಿರವನ್ನು ಮೀರಿತೆಂದು ಸರ್ಕಾರದ ಅಂಕಿಅಂಶಗಳು ಹೇಳುತ್ತವೆ. 2021ರಲ್ಲಿ ಜಗತ್ತಿನಲ್ಲಿ ಹೀಗೆ ಮೃತರಾದವರು ಸುಮಾರು 3 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನೆಯ ದಿನವನ್ನು ಮುಳುಗು ಸಾವುಗಳನ್ನು ತಡೆಯುವ ದಿನವೆಂದು ಗೊತ್ತುಪಡಿಸಿತು. ಈ ಸಂಖ್ಯೆಗಳ ಹಿಂದೆ ಒಂದೊಂದು ಮನೆಯಿದೆ, ಒಬ್ಬೊಬ್ಬ ತಾಯಿಯಿದ್ದಾಳೆ.

ತಿರುಮಕೂಡಲಿನ ಕಡೆಯ ಸದ್ಗೃಹಸ್ಥರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಮಗಳು ಮೈಸೂರಿನಲ್ಲಿ ಓದುತ್ತ, ಅಲ್ಲಿಯ ಈಜುಕೊಳವೊಂದರಲ್ಲಿ ಫ್ರೀಸ್ಟೈಲ್ ಈಜನ್ನು ಕಲಿಯತೊಡಗಿದ್ದಾಳೆ. ಕೈ ಬೀಸುವುದೂ ಕಾಲು ಬಡಿಯುವುದೂ ಚೆನ್ನಾಗಿ ಬಂದಿದೆ. ಆದರೆ ನಾಲ್ಕು ಕೈ ಹಾಕುವಷ್ಟರಲ್ಲಿ ಉಸಿರು ಕಟ್ಟಿ, ಏದುಸಿರು ಬಿಡುತ್ತ ನಿಂತುಬಿಡುತ್ತಾಳೆ. ಮನೆಯಲ್ಲಿ ದಿನವೂ ಪ್ರಾಣಾಯಾಮ ಮಾಡುವ ಹುಡುಗಿಗೆ ನೀರಿನಲ್ಲಿ ಉಸಿರು ಏಕೆ ಸಾಲದು ಎಂಬುದು ಅವರ ಮೊದಲ ಪ್ರಶ್ನೆ. ಎರಡನೆಯದು ಇನ್ನೂ ಗಂಭೀರವಾದುದು. ಬಹಳ ವರ್ಷಗಳ ಹಿಂದೆ ಆ ಮನೆಯ ಯುವಕನೊಬ್ಬನನ್ನು ಹೊಳೆ ಸೆಳೆದೊಯ್ದಿತು. ಅಂದಿನಿಂದ ಮನೆಯ ಹಿರಿಯಜ್ಜಿ ಮಕ್ಕಳನ್ನು ನೀರಿನ ಹತ್ತಿರಕ್ಕೂ ಬಿಟ್ಟವರಲ್ಲ. ಹೆಣ್ಣುಮಗು ಈಜು ಕಲಿಯುವುದು ಬೇಡ, ಮೈಮೇಲೆ ಲಿಂಗವಿರುವವರಿಗೆ ಅದು ತಕ್ಕುದೂ ಅಲ್ಲ ಎಂದು ಅವರು ಹಟ ಹಿಡಿದಿದ್ದಾರೆ. ಏನು ಮಾಡಬೇಕು?

ಅಜ್ಜಿಯವರ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವವರಲ್ಲಿ ನಾವು ಸೇರುವುದಿಲ್ಲ. ಅದು ದುಃಖದಿಂದ ಹುಟ್ಟಿದ ಮಾತು. ಆದರೆ ನೀರು ಒಂದು ಜೀವವನ್ನು ಕೊಂಡೊಯ್ದ ಮನೆಯಲ್ಲಿಯೇ ಈಜಿನ ವಿದ್ಯೆ ಮೊದಲು ನೆಲೆಸಬೇಕು. ಬೆಂಕಿಯಿಂದ ಮನೆ ಸುಟ್ಟಿತೆಂದು ಒಲೆ ಹೊತ್ತಿಸುವುದನ್ನು ಬಿಡುತ್ತೇವೆಯೇ? ಬೆಂಕಿಯನ್ನು ಆಳುವುದನ್ನು ಕಲಿಯುತ್ತೇವೆ. ಹೊಳೆಯ ಊರಿನ ಮಗು ನೀರಿನಿಂದ ಜೀವನಪೂರ್ತಿ ದೂರವಿರುವುದು ಆಗದ ಮಾತು. ಇಂದು ಮನೆಯವರು ತಡೆದರೆ ನಾಳೆ ಗೆಳತಿಯರೊಡನೆ, ನಾಡಿದ್ದು ಗಂಡನ ಮನೆಯವರೊಡನೆ ಅದು ಸೋಪಾನ ಇಳಿದೇ ಇಳಿಯುತ್ತದೆ.

ಶರಣಧರ್ಮದಲ್ಲಿ ನೀರಿನ ವಿದ್ಯೆಗೆ ಗೌರವದ ಸ್ಥಾನವಿದೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರ ಕಾಯಕವೇ ಹೊಳೆ ದಾಟಿಸುವುದು. ಬಸವಣ್ಣನವರು ಐಕ್ಯರಾದದ್ದು ಕೃಷ್ಣಾ ಮಲಪ್ರಭೆಯರ ಕೂಡಲಸಂಗಮದಲ್ಲಿ. ಅನುಭವ ಮಂಟಪದಲ್ಲಿ ಹೆಣ್ಣು ಗಂಡೆಂಬ ಭೇದವನ್ನು ಅಳಿಸಿದ ಪರಂಪರೆಯವರು ಜೀವರಕ್ಷಣೆಯ ವಿದ್ಯೆಯನ್ನು ಗಂಡುಮಕ್ಕಳಿಗೆ ಮಾತ್ರ ಮೀಸಲಿಡುವುದು ಹೇಗೆ? ಭಾರತದ ಆರತಿ ಸಾಹಾ ಅವರು 1959ರಲ್ಲಿಯೇ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿ, ಹಾಗೆ ದಾಟಿದ ಏಷ್ಯಾದ ಮೊದಲ ಮಹಿಳೆಯೆನಿಸಿದರು. ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದೇ ಸ್ಪರ್ಧೆಗೆ ಇಳಿದ ಬೆಂಗಳೂರಿನ ಧಿನಿಧಿ ದೇಸಿಂಘು ಅವರಿಗೆ ಆಗ 14 ವರ್ಷ. ಎಳವೆಯಲ್ಲಿ ಆ ಹುಡುಗಿಗೆ ನೀರೆಂದರೆ ಅಂಜಿಕೆಯಿತ್ತೆಂದು ಪತ್ರಿಕೆಗಳಲ್ಲಿ ಬಂದಿದೆ. ಅಂಜಿಕೆ ಕಲಿಕೆಗೆ ಅಡ್ಡಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ಇಷ್ಟಲಿಂಗದ ಮಾತು. ಲಿಂಗವನ್ನು ದೇಹದಿಂದ ಅಗಲಿಸಬಾರದೆಂಬ ನಿಷ್ಠೆಯುಳ್ಳವರು ಆ ನಿಷ್ಠೆಯನ್ನು ಬಿಡಬೇಕಾಗಿಲ್ಲ. ಗಮನಿಸಬೇಕಾದುದು ಒಂದೇ. ಉದ್ದನೆಯ ಶಿವದಾರದಲ್ಲಿ ಕರಡಿಗೆ ಜೋಲಾಡುತ್ತಿದ್ದರೆ ಕೈ ಬೀಸುವಾಗ ದಾರ ತೊಡರುತ್ತದೆ, ಕೊರಳಿಗೆ ಬಿಗಿಯುವ ಅಪಾಯವೂ ಉಂಟು. ಲಿಂಗವಸ್ತ್ರದಲ್ಲಿ ಸುತ್ತಿ, ಈಜುಡುಪಿನ ಒಳಗೆ ಮೈಗೆ ಅಂಟಿದಂತೆ ಭದ್ರವಾಗಿ ಕಟ್ಟಿಕೊಂಡರೆ ತೊಡಕಿಲ್ಲ. ಇದರಲ್ಲಿ ಸಂದೇಹವುಳ್ಳವರು ತಮ್ಮ ಗುರುಗಳನ್ನು ಕೇಳಿ ಅವರ ಅಪ್ಪಣೆಯಂತೆ ನಡೆಯಲಿ.

ಈಗ ಉಸಿರಿನ ವಿಚಾರ. ಇದನ್ನು ನಾವು ಬಲ್ಲವರಿಂದ ಕೇಳಿ, ಈಜುಕೊಳದ ಅಂಚಿನಲ್ಲಿ ಹಲವು ದಿನ ಕುಳಿತು ಕಲಿಯುವವರನ್ನು ನೋಡಿ ಬರೆಯುತ್ತಿದ್ದೇವೆ.

ಹೊಸಬರೆಲ್ಲರೂ ಒಂದೇ ರೀತಿ ನಡೆದುಕೊಳ್ಳುತ್ತಾರೆ. ನೀರಿಗೆ ಮುಖವಿಡುವ ಮುನ್ನ ಎದೆ ತುಂಬ ಗಾಳಿ ಎಳೆದುಕೊಂಡು ಬಾಯಿ ಬಿಗಿಹಿಡಿಯುತ್ತಾರೆ. ಆ ಉಸಿರನ್ನು ಹಿಡಿದುಕೊಂಡೇ ಮೂರು ನಾಲ್ಕು ಕೈ ಹಾಕುತ್ತಾರೆ. ಆಮೇಲೆ ತಡೆಯಲಾರದೆ ತಲೆಯನ್ನು ಮೇಲೆತ್ತುತ್ತಾರೆ. ತಲೆ ಮೇಲಿರುವ ಆ ಅರೆಗಳಿಗೆಯಲ್ಲಿ ಹಳೆಯ ಉಸಿರನ್ನು ಹೊರಹಾಕಬೇಕು, ಹೊಸದನ್ನು ಒಳಗೆಳೆಯಬೇಕು. ಎರಡಕ್ಕೂ ಕಾಲ ಸಾಲದು. ಎದೆಯಲ್ಲಿ ಹಳೆಯ ಗಾಳಿ ತುಂಬಿರುವಾಗ ಹೊಸ ಗಾಳಿಗೆ ಎಡೆಯೆಲ್ಲಿ? ಸ್ವಲ್ಪ ಗಾಳಿ ಹೋಗುತ್ತದೆ, ಅದರೊಡನೆ ಒಂದು ಗುಟುಕು ನೀರೂ ಹೋಗುತ್ತದೆ. ಎರಡನೆಯ ಸಲ ಇನ್ನೂ ಕಡಿಮೆ, ಮೂರನೆಯ ಸಲಕ್ಕೆ ಗಾಬರಿ.

ಉಸಿರು ಕಟ್ಟಿದಂತೆ ಆಗುವುದು ಆಮ್ಲಜನಕ ಮುಗಿದುದರಿಂದ ಎಂದು ನಾವೆಲ್ಲ ಭಾವಿಸುತ್ತೇವೆ. ಶರೀರಶಾಸ್ತ್ರವು ಬೇರೆಯದನ್ನು ಹೇಳುತ್ತದೆ. ಉಸಿರಾಡಬೇಕೆಂಬ ತಹತಹವನ್ನು ಹೆಚ್ಚಾಗಿ ಹುಟ್ಟಿಸುವುದು ರಕ್ತದಲ್ಲಿ ಕೂಡಿಕೊಂಡ ಇಂಗಾಲದ ಡೈ ಆಕ್ಸೈಡ್. ಅದನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಂಡಷ್ಟೂ ತಹತಹ ಏರುತ್ತದೆ. ಎದೆಮಟ್ಟದ ನೀರಿನಲ್ಲಿ ನಿಂತಾಗ ಸುತ್ತಲಿನ ನೀರು ಎದೆಯನ್ನು ಒತ್ತುವುದರಿಂದ ಉಸಿರೆಳೆಯಲು ನೆಲದ ಮೇಲಿಗಿಂತ ಹೆಚ್ಚು ಶ್ರಮ ಬೇಕಾಗುತ್ತದೆ. ಇದನ್ನರಿಯದ ಹೊಸಬರಿಗೆ ನೀರೇ ತಮ್ಮನ್ನು ಹಿಸುಕುತ್ತಿದೆ ಎನಿಸುತ್ತದೆ. ತಲೆಯನ್ನು ಮೇಲೆತ್ತಿದೊಡನೆ ತಕ್ಕಡಿಯಂತೆ ಸೊಂಟವೂ ಕಾಲೂ ಕೆಳಗಿಳಿಯುತ್ತವೆ. ಇಳಿದ ಕಾಲನ್ನು ಎತ್ತಲು ಇನ್ನಷ್ಟು ಬಡಿಯಬೇಕು, ಬಡಿದಷ್ಟೂ ಉಸಿರು ಬೇಕು. ಹುಡುಗಿ ನಾಲ್ಕು ಕೈಗೆ ಸೋಲುವುದು ಶಕ್ತಿ ಸಾಲದೆ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರಾಣಾಯಾಮ ಬಲ್ಲವರಿಗೆ ಪೂರಕ, ಕುಂಭಕ, ರೇಚಕ ಎಂಬ ಮೂರು ಪದಗಳು ಪರಿಚಿತ. ಹೊಸಬರು ನೀರಿನಲ್ಲಿ ಪೂರಕ ಕುಂಭಕಗಳನ್ನು ಮಾಡಿ ರೇಚಕವನ್ನು ಮರೆಯುತ್ತಾರೆ. ಈಜಿನ ಉಸಿರಿನ ಜೀವಾಳವಿರುವುದು ರೇಚಕದಲ್ಲಿ. ಮುಖ ನೀರಿನೊಳಗಿರುವಷ್ಟು ಹೊತ್ತೂ ಮೂಗು ಬಾಯಿಗಳಿಂದ ಗುಳ್ಳೆಗಳು ಸಣ್ಣಗೆ, ಎಡೆಬಿಡದೆ ಹೊರಡುತ್ತಿರಬೇಕು. ಮುಖ ಹೊರಬರುವ ಹೊತ್ತಿಗೆ ಎದೆ ಹಗುರವಾಗಿರಬೇಕು. ಆಗ ಒಳಗೆಳೆಯುವ ಕೆಲಸವೊಂದೇ ಉಳಿದಿರುತ್ತದೆ, ಅದಕ್ಕೆ ಅರೆಗಳಿಗೆ ಧಾರಾಳವಾಗಿ ಸಾಕು. ಮನೆಯ ಪ್ರಾಣಾಯಾಮಕ್ಕೂ ಇದಕ್ಕೂ ಇನ್ನೊಂದು ಭೇದವಿದೆ. ಅಲ್ಲಿ ಮೂಗಿನಿಂದ ಎಳೆಯಬೇಕೆಂದು ಕಲಿಸಿರುತ್ತಾರೆ. ಈಜಿನಲ್ಲಿ ಎಳೆಯುವುದು ಬಾಯಿಯಿಂದ. ಮೂಗಿನಿಂದ ಎಳೆದರೆ ನೀರು ನೆತ್ತಿಗೇರಿ ಕಣ್ಣಲ್ಲಿ ನೀರು ಬರುತ್ತದೆ. ಮನೆಯ ಅಭ್ಯಾಸವು ಮನಸ್ಸನ್ನು ನಿಲ್ಲಿಸಲು ಖಂಡಿತ ನೆರವಾದೀತು, ಆದರೆ ಅದರ ಕ್ರಮವನ್ನು ಹಾಗೆಯೇ ನೀರಿಗೆ ಒಯ್ಯಬಾರದು.

ಫ್ರೀಸ್ಟೈಲ್ ಎಂದರೆ ಸ್ವಚ್ಛಂದ ಈಜು ಎಂದರ್ಥ. ಅದರ ಸ್ಪರ್ಧೆಯಲ್ಲಿ ಯಾವ ಬಗೆಯಲ್ಲಾದರೂ ಈಜಬಹುದು. ಎಲ್ಲರೂ ಆರಿಸಿಕೊಳ್ಳುವುದು ಎಲ್ಲಕ್ಕಿಂತ ವೇಗದ ಕ್ರಾಲ್ ಎಂಬ ಬಗೆಯನ್ನು. ಯುರೋಪಿನವರು ಬಹುಕಾಲ ತಲೆಯನ್ನು ನೀರಿನ ಮೇಲಿಟ್ಟುಕೊಂಡೇ ಈಜುತ್ತಿದ್ದರು. 1870ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಟ್ರಡ್ಜನ್ ಎಂಬವರು ದಕ್ಷಿಣ ಅಮೆರಿಕದ ಮೂಲನಿವಾಸಿಗಳಿಂದ ಕಲಿತ, ಕೈಗಳನ್ನು ನೀರಿನ ಮೇಲೆ ಬೀಸುವ ಬಗೆಯನ್ನು ಅಲ್ಲಿ ಬಳಕೆಗೆ ತಂದರು. ಅದು ಆಸ್ಟ್ರೇಲಿಯಾ ಮೊದಲಾದೆಡೆ ತಿದ್ದುಪಡಿಗೊಂಡು ಇಂದಿನ ಕ್ರಾಲ್ ಆಯಿತು. 1922ರಲ್ಲಿ ಅಮೆರಿಕದ ಜಾನಿ ವೈಸ್‌ಮುಲ್ಲರ್ 100 ಮೀಟರನ್ನು 58.6 ಸೆಕೆಂಡಿನಲ್ಲಿ ಈಜಿ, ಒಂದು ನಿಮಿಷದ ಗಡಿಯನ್ನು ಮೊದಲ ಬಾರಿಗೆ ದಾಟಿದರು. ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಇಳಿದು ಕಲಿತ ಹಿರಿಯರೂ ತಲೆಯೆತ್ತಿಯೇ ಈಜುವವರು. ಹೊಳೆಯಲ್ಲಿ ದಿಕ್ಕು ನೋಡಲು ಅದು ಅನುಕೂಲ. ದೂರ ಈಜಲು ಮಾತ್ರ ಬಲು ಆಯಾಸ.

ಕ್ರಾಲ್ ಈಜಿನಲ್ಲಿ ತಲೆಯನ್ನು ಎತ್ತುವುದಿಲ್ಲ, ಹೊರಳಿಸುತ್ತಾರೆ. ಒಂದು ಕೈ ನೀರನ್ನು ಹಿಂದಕ್ಕೆ ಎಳೆಯುತ್ತಿರುವಾಗ ಭುಜವೂ ಸೊಂಟವೂ ಕೂಡಿ ಆ ಮಗ್ಗುಲಿಗೆ ತಿರುಗುತ್ತವೆ. ಅವುಗಳೊಡನೆಯೇ ಮುಖವೂ ತಿರುಗಬೇಕು. ಒಂದು ಕಣ್ಣು ನೀರಿನೊಳಗೆ, ಇನ್ನೊಂದು ಹೊರಗೆ. ಮುಂದೆ ಸಾಗುವ ತಲೆಯು ನೀರನ್ನು ಸೀಳುವುದರಿಂದ ಕೆನ್ನೆಯ ಪಕ್ಕದಲ್ಲಿ ಸಣ್ಣದೊಂದು ತಗ್ಗು ಉಂಟಾಗುತ್ತದೆ. ಬಾಯಿ ಆ ತಗ್ಗಿನಲ್ಲಿ ಗಾಳಿಯನ್ನು ಪಡೆಯುತ್ತದೆ. ಗಾಳಿ ಎಳೆದ ಕೂಡಲೇ, ಬೀಸಿದ ಕೈ ಮುಂದಕ್ಕೆ ಬಂದು ನೀರಿಗೆ ಇಳಿಯುವ ಮೊದಲೇ, ಮುಖ ಮತ್ತೆ ಕೆಳಗೆ ತಿರುಗಬೇಕು. ತಿರುಗಿದೊಡನೆ ಗುಳ್ಳೆಗಳು ಆರಂಭ. ಇಷ್ಟೇ ಅದರ ರಹಸ್ಯ.

ಕಲಿಯುವ ಕ್ರಮವನ್ನು ಹೇಳುತ್ತೇವೆ. ತರಬೇತುದಾರರು ಬಳಿಯಲ್ಲಿರುವಾಗಲೇ ಇದನ್ನು ಮಾಡಬೇಕು.

ಮೊದಲನೆಯದಾಗಿ, ಸೊಂಟಮಟ್ಟದ ನೀರಿನಲ್ಲಿ ಅಂಚು ಹಿಡಿದು ನಿಂತು, ಮುಖವನ್ನು ನೀರಿನಲ್ಲಿಟ್ಟು ಗುಳ್ಳೆ ಬಿಡಬೇಕು. ಮನಸ್ಸಿನಲ್ಲಿ ಪಂಚಾಕ್ಷರಿಯನ್ನು ಒಮ್ಮೆ ನಿಧಾನವಾಗಿ ಜಪಿಸುವಷ್ಟು ಹೊತ್ತು ನಿಶ್ವಾಸ, ಬಳಿಕ ಮುಖವೆತ್ತಿ ಬಾಯಿಂದ ಒಂದು ಉಚ್ಛ್ವಾಸ. ಬೇಸರವಿಲ್ಲದೆ ಹತ್ತು, ಇಪ್ಪತ್ತು ಸಲ ಇದನ್ನು ನಡೆಸಬೇಕು. ಎರಡನೆಯದಾಗಿ, ಅದೇ ನಿಲುವಿನಲ್ಲಿ ಮುಖವನ್ನು ಎತ್ತದೆ ಪಕ್ಕಕ್ಕೆ ಹೊರಳಿಸಿ ಉಸಿರೆಳೆಯಬೇಕು. ಕಿವಿ ನೀರಿನಲ್ಲಿಯೇ ಇದ್ದರೆ ಹೊರಳಿಕೆ ಸರಿಯಾಗಿದೆ ಎಂದು ತಿಳಿಯಬಹುದು. ಮೂರನೆಯದಾಗಿ, ಅಂಚನ್ನು ಹಿಡಿದು ಮೈಯನ್ನು ಚಾಚಿ ಕಾಲು ಬಡಿಯುತ್ತ ಇದನ್ನೇ ಮಾಡಬೇಕು. ನಾಲ್ಕನೆಯದಾಗಿ, ತೇಲುವ ಹಲಗೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯನ್ನು ಮಾತ್ರ ಬೀಸುತ್ತ ಸಾಗಬೇಕು. ಕಡೆಯಲ್ಲಿ ಎರಡೂ ಕೈ. ಆರಂಭದಲ್ಲಿ ಎರಡು ಕೈಗೆ ಒಂದು ಉಸಿರು ಸಾಕು. ಅದು ಹಿಡಿತಕ್ಕೆ ಬಂದ ಮೇಲೆ ಮೂರು ಕೈಗೆ ಒಂದರಂತೆ ಎಡಕ್ಕೂ ಬಲಕ್ಕೂ ಅಭ್ಯಾಸ ಮಾಡಿದರೆ ಮೈಯ ಎರಡು ಪಕ್ಕಗಳೂ ಸಮನಾಗಿ ಪಳಗುತ್ತವೆ.

ನಡುವೆ ಬಾಯಿಗೆ ನೀರು ಬರುವುದು ಸಹಜ. ಉಗುಳಿ ಮುಂದುವರಿಯಬೇಕು. ಕೆಮ್ಮು ಬಂದರೆ ನಿಂತು ಸುಧಾರಿಸಿಕೊಳ್ಳಬೇಕು. ಅವಸರವೇ ಉಸಿರಿನ ದೊಡ್ಡ ಶತ್ರು. ಕೈಯ ವೇಗವನ್ನು ಅರ್ಧಕ್ಕೆ ಇಳಿಸಿದೊಡನೆ ಉಸಿರು ತಾನಾಗಿ ಸರಿಹೋದವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ವಯಸ್ಸಾದವರೂ ಇದನ್ನು ಕಲಿಯಬಹುದು. ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಉಳ್ಳವರು ವೈದ್ಯರನ್ನು ಕೇಳಿಯೇ ಇಳಿಯಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹುಡುಗರು ನೀರಿನೊಳಗೆ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆಂದು ಪಂದ್ಯ ಕಟ್ಟುತ್ತಾರೆ. ಮುಳುಗುವ ಮುನ್ನ ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಡುವುದೂ ಉಂಟು. ಹಾಗೆ ಮಾಡಿದಾಗ ರಕ್ತದ ಇಂಗಾಲದ ಡೈ ಆಕ್ಸೈಡ್ ಇಳಿದು, ಉಸಿರಾಡಬೇಕೆಂಬ ಎಚ್ಚರಿಕೆಯ ಗಂಟೆ ತಡವಾಗಿ ಬಾರಿಸುತ್ತದೆ. ಅಷ್ಟರಲ್ಲಿ ಆಮ್ಲಜನಕ ತಗ್ಗಿ, ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಎದೆಮಟ್ಟದ ನೀರಿನಲ್ಲಿಯೂ ಒಳ್ಳೆಯ ಈಜುಗಾರರು ಹೀಗೆ ಪ್ರಾಣ ಬಿಟ್ಟಿದ್ದಾರೆ. ಕುಂಭಕವು ಗುರುಮುಖದಿಂದ, ನೆಲದ ಮೇಲೆ, ಆಸನದಲ್ಲಿ ಕುಳಿತು ಕಲಿಯುವ ಸಾಧನೆ. ಅದನ್ನು ನೀರಿನ ಪಂದ್ಯವಾಗಿಸುವುದು ಆತ್ಮಘಾತ.

ಈಜುಕೊಳದಲ್ಲಿ ಕಲಿತವರು ಹೊಳೆಯನ್ನು ಗೆದ್ದೆವೆಂದು ತಿಳಿಯಬಾರದು. ಕೊಳದ ನೀರು ನಿಂತ ನೀರು, ಅದರ ತಳ ಕಾಣುತ್ತದೆ. ಕಪಿಲೆಯ ಒಡಲಲ್ಲಿ ಮರಳು ತೆಗೆದ ಗುಂಡಿಗಳಿವೆ, ಪಾಚಿಗಟ್ಟಿದ ಕಲ್ಲುಗಳಿವೆ. ಸಂಗಮದಲ್ಲಿ ಎರಡು ಹೊಳೆಗಳ ಸೆಳೆತ ಕೂಡಿ ಸುಳಿಯೇಳುತ್ತದೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನಿಂದ ಮಳೆಗಾಲದಲ್ಲಿ ನೀರು ಬಿಟ್ಟಾಗ ನಂಜನಗೂಡಿನ ಹೊಳೆ ನೋಡುನೋಡುತ್ತಿದ್ದಂತೆ ಏರುತ್ತದೆ. ವೈನಾಡಿನಲ್ಲಿ ಸುರಿದ ಮಳೆಗೆ ಇಲ್ಲಿ ಬಿಸಿಲಿರುವಾಗಲೂ ಪ್ರವಾಹ ಬರುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳಿನಲ್ಲಿ ಹದಿನಾರು ಕಾಲು ಮಂಟಪ ಮುಳುಗಿ, ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆಯೇ ನೀರು ನಿಂತುದನ್ನು ನಮ್ಮ ಓದುಗರು ಮರೆತಿರಲಾರರು. ಆದುದರಿಂದ ಕಲಿಯುವುದು ಕೊಳದಲ್ಲಿ. ಹೊಳೆಯಲ್ಲಿ ಸ್ನಾನವು ಸೋಪಾನದ ಮೇಲೆ, ಸರಪಳಿಯಿದ್ದಲ್ಲಿ ಅದನ್ನು ಹಿಡಿದು, ಮಕ್ಕಳ ಕೈಬಿಡದೆ.

ಮುಳುಗುತ್ತಿರುವವರನ್ನು ಕಂಡೊಡನೆ ಹಿಂದುಮುಂದು ನೋಡದೆ ನೀರಿಗೆ ಹಾರುವುದು ನಮ್ಮ ಜನರ ಕರುಣೆಯ ಗುಣ. ಆ ಕರುಣೆಯಿಂದಲೇ ಒಂದು ಜೀವ ಹೋಗಬೇಕಾದಲ್ಲಿ ಎರಡು ಮೂರು ಹೋಗಿವೆ. ಮೊದಲು ಕೂಗಿ ಜನ ಸೇರಿಸಿ. ಪಂಚೆ, ಸೀರೆ, ಹಗ್ಗ, ಬಿದಿರುಗಳು, ಯಾವುದು ಕೈಗೆ ಸಿಗುವುದೋ ಅದನ್ನು ದಡದಿಂದಲೇ ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ತೇಲಿಬಿಟ್ಟರೂ ಅದು ಆಸರೆಯಾಗುತ್ತದೆ.

ಹೊರತೆಗೆದವರನ್ನು ತಲೆಕೆಳಗಾಗಿ ಹಿಡಿಯುವುದು, ಬೆನ್ನಮೇಲೆ ಹೊತ್ತು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಹಳ್ಳಿಗಳಲ್ಲಿ ಇನ್ನೂ ನಡೆದಿದೆ. ಇದರಿಂದ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅಮೂಲ್ಯವಾದ ನಿಮಿಷಗಳೂ ಕಳೆದುಹೋಗುತ್ತವೆ. ಆ ಜೀವಕ್ಕೆ ಬೇಕಾದುದು ಉಸಿರು. ಅಂಗಾತ ಮಲಗಿಸಿ, ಗಲ್ಲವನ್ನು ಮೇಲಕ್ಕೆತ್ತಿ, ಮೂಗನ್ನು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರು ಊದಬೇಕು. ಬಳಿಕ ಎದೆಯ ನಡುವೆ ಎರಡು ಕೈಗಳಿಂದ 30 ಸಲ ಒತ್ತಿ, ಮತ್ತೆ 2 ಸಲ ಊದುತ್ತ, ಸಹಾಯ ಬರುವವರೆಗೆ ನಿಲ್ಲಿಸದೆ ನಡೆಸಬೇಕು. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಬೇಕು. ಇದನ್ನು ಓದಿದರೆ ಸಾಲದು, ವೈದ್ಯರಿಂದಲೋ ದಾದಿಯರಿಂದಲೋ ಒಮ್ಮೆ ಕೈಯಾರೆ ಕಲಿಯಬೇಕು.

ಜಾತ್ರೆ, ಉತ್ಸವಗಳಲ್ಲಿ ಅನ್ನದಾಸೋಹಕ್ಕೆ ನಮ್ಮ ಸಮಾಜ ಎಂದೂ ಹಿಂಜರಿದಿಲ್ಲ. ಹೊಳೆಯ ದಡದ ಊರುಗಳ ಬಳಗದವರು ಬೇಸಗೆ ರಜೆಯಲ್ಲಿ ಹತ್ತು ಮಕ್ಕಳನ್ನು ಸಮೀಪದ ಈಜುಕೊಳಕ್ಕೆ ಕರೆದೊಯ್ದು ಕಲಿಸುವ ವೆಚ್ಚವನ್ನು ವಹಿಸಿಕೊಂಡರೆ ಅದು ಪ್ರಾಣದಾಸೋಹ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆ, ಮಹಿಳಾ ತರಬೇತುದಾರರು ಇದ್ದಾರೆಯೇ ಎಂದು ವಿಚಾರಿಸಿಕೊಂಡರೆ ಮನೆಯ ಹಿರಿಯರ ಅಳುಕೂ ಕಡಿಮೆಯಾದೀತು. ಮನೆಯ ಅಜ್ಜಿಯಂದಿರನ್ನೂ ಒಂದು ದಿನ ಜೊತೆಯಲ್ಲಿ ಕರೆದೊಯ್ಯಿರಿ. ಕೊಳದ ಬದಿಯಲ್ಲಿ ಕುಳಿತು ಮೊಮ್ಮಗಳ ಗುಳ್ಳೆಗಳನ್ನು ಅವರೇ ಎಣಿಸಲಿ.

ಉಸಿರನ್ನು ಬಿಡಬಲ್ಲವರಿಗೇ ಮುಂದಿನ ಉಸಿರು ದೊರೆಯುತ್ತದೆ. ಇದನ್ನು ನೀರು ಬಹು ಬೇಗ ಕಲಿಸುತ್ತದೆ. ಮುಂಬರುವ ಬೇಸಗೆಯೊಳಗೆ ನಮ್ಮ ಓದುಗರ ಪ್ರತಿ ಮನೆಯಲ್ಲಿಯೂ ಒಬ್ಬರಾದರೂ ಅದನ್ನು ಕಲಿತಿರಲಿ ಎಂದು ಹಾರೈಸುತ್ತೇವೆ.